ದುಡ್ಡು ನಮ್ಮದು, ಬೀಗದ ಕೈ ಯಾರದು?

ನಮ್ಮೂರ ಗ್ರಂಥಾಲಯದಲ್ಲಿ ಭಾನುವಾರ ಬೆಳಿಗ್ಗೆ ಮೊಬೈಲ್ ಮತ್ತು ಕಂಪ್ಯೂಟರ್ ಬಳಕೆಯ ಪಾಠ ಮಾಡುತ್ತೇನೆ. ಬರುವವರಲ್ಲಿ ಹೆಚ್ಚಿನವರು ಅರವತ್ತು ದಾಟಿದವರು. ಹೋದ ತಿಂಗಳು ಒಬ್ಬ ನಿವೃತ್ತ ಶಿಕ್ಷಕಿ ಹೊಸ ಫೋನ್ ಹಿಡಿದು ಬಂದು ಮುಂದಿನ ಬೆಂಚಿನಲ್ಲಿ ಕೂತರು. "ಮೇಷ್ಟ್ರೇ, ಹಳೇ ಫೋನಲ್ಲಿ ಇನ್ನೂರು ಹಾಡು ಡೌನ್‌ಲೋಡ್ ಮಾಡಿಟ್ಟಿದ್ದೆ. ಪುಕ್ಕಟೆ ಅಲ್ಲ, ಎರಡು ವರ್ಷ ದುಡ್ಡು ಕಟ್ಟಿದೀನಿ. ಮಗ ಈ ಹೊಸ ಫೋನ್ ಕೊಡಿಸಿದ. ಈಗ ಒಂದು ಹಾಡೂ ಇಲ್ಲ. ಚಂದಾ ಮುಗಿದಿದೆ, ಮತ್ತೆ ಕಟ್ಟಿ ಅಂತಿದೆ. ನಾನು ಇಳಿಸಿಕೊಂಡಿದ್ದು ಎಲ್ಲಿಗೆ ಹೋಯ್ತು?"

ಅವರ ದನಿಯಲ್ಲಿ ಸಿಟ್ಟಿಗಿಂತ ಸಂಕೋಚವೇ ಹೆಚ್ಚಿತ್ತು. ತಾನೇ ಎಲ್ಲೋ ತಪ್ಪು ಒತ್ತಿರಬೇಕು ಎಂಬ ಭಾವ. ಈ ಪಾಠವನ್ನು ನಾನು ಅಲ್ಲಿಂದಲೇ ಶುರು ಮಾಡುತ್ತೇನೆ: ತಪ್ಪು ಅವರದಲ್ಲ. ಫೋನ್ ಕೆಟ್ಟಿಲ್ಲ, ಆ್ಯಪ್ ಕೆಟ್ಟಿಲ್ಲ. ಎಲ್ಲವೂ ಹೇಗೆ ಕೆಲಸ ಮಾಡಬೇಕೆಂದು ಮಾಡಿಟ್ಟಿದ್ದಾರೋ ಹಾಗೆಯೇ ನಡೆದಿದೆ. ಆ ಏರ್ಪಾಡಿನ ಹೆಸರು ಡಿಜಿಟಲ್ ರೈಟ್ಸ್ ಮ್ಯಾನೇಜ್‌ಮೆಂಟ್, ಚಿಕ್ಕದಾಗಿ ಡಿಆರ್‌ಎಂ. ನಾವು ಇದನ್ನು ಡಿಜಿಟಲ್ ಬೀಗ ಎಂದು ಕರೆಯೋಣ.

ಬೀಗ ಹೇಗೆ ಕೆಲಸ ಮಾಡುತ್ತದೆ

ಅಂದು ಕಪ್ಪು ಹಲಗೆಯ ಮೇಲೆ "ಖಯವ" ಎಂದು ಬರೆದೆ. ಏನೆಂದು ಯಾರಿಗೂ ತಿಳಿಯಲಿಲ್ಲ. "ವರ್ಣಮಾಲೆಯಲ್ಲಿ ಪ್ರತಿ ಅಕ್ಷರವನ್ನೂ ಒಂದು ಹೆಜ್ಜೆ ಹಿಂದಕ್ಕೆ ತನ್ನಿ" ಎಂದೆ. ಖ ಹಿಂದೆ ಸರಿದು ಕ ಆಯಿತು, ಯ ಹಿಂದೆ ಸರಿದು ಮ, ವ ಹಿಂದೆ ಸರಿದು ಲ. "ಕಮಲ!" ಎಂದು ಹಿಂದಿನ ಬೆಂಚಿನಿಂದ ಕೂಗಿದರು.

ಡಿಜಿಟಲ್ ಬೀಗದ ತಿರುಳು ಇಷ್ಟೇ. ಹಾಡೋ ಸಿನಿಮಾವೋ ಪುಸ್ತಕವೋ, ಅದರ ಅಕ್ಷರ ಅಂಕಿಗಳನ್ನೆಲ್ಲ ಕಲಸಿಟ್ಟಿರುತ್ತಾರೆ. ಅದನ್ನು ಮತ್ತೆ ಸರಿಯಾಗಿ ಜೋಡಿಸಲು ಬೇಕಾದ ಗುಟ್ಟೇ ಬೀಗದ ಕೈ. ನಮ್ಮ ಆಟದಲ್ಲಿ "ಒಂದು ಹೆಜ್ಜೆ ಹಿಂದೆ" ಎಂಬುದು ಆ ಕೈ. ನಿಜವಾದ ಬೀಗಗಳಲ್ಲಿ ಅದು ಊಹಿಸಿ ಹಿಡಿಯಲಾಗದಷ್ಟು ದೊಡ್ಡ ಸಂಖ್ಯೆ.

ನೀವು ಆ್ಯಪ್‌ನೊಳಗೆ "ಡೌನ್‌ಲೋಡ್" ಒತ್ತಿದಾಗ ನಿಮ್ಮ ಫೋನಿಗೆ ಬರುವುದು ಕಲಸಿದ ರೂಪ, ಅಂದರೆ "ಖಯವ". ಹಾಡು ಕೇಳಲು ಒತ್ತಿದಾಗ ಆ್ಯಪ್ ಕಂಪನಿಯ ಸರ್ವರಿನಿಂದ ಬೀಗದ ಕೈ ಪಡೆದಿರಬೇಕು. ಕೈ ಕೊಡುವ ಮುಂಚೆ ಸರ್ವರು ನೋಡುವುದು ನಾಲ್ಕು ಸಂಗತಿ: ಖಾತೆ ಯಾರದು, ಫೋನ್ ಯಾವುದು, ದೇಶ ಯಾವುದು, ಚಂದಾ ಕಟ್ಟಿದ್ದಾರೆಯೇ. ಎಲ್ಲ ಸರಿಯಿದ್ದರೆ ಕೈ ಸಿಗುತ್ತದೆ. ಅದಕ್ಕೂ ಒಂದು ಗಡುವಿರುತ್ತದೆ. ಗಡುವು ಮುಗಿದ ದಿನ "ಖಯವ" ಫೋನಿನಲ್ಲೇ ಬಿದ್ದಿದ್ದರೂ "ಕಮಲ" ಆಗುವುದಿಲ್ಲ.

ನಮ್ಮ ಶಿಕ್ಷಕಿಗೆ ಆದದ್ದೂ ಅದೇ. ಇನ್ನೂರು ಹಾಡು ಹಳೆಯ ಫೋನಿನಲ್ಲಿ ಕಲಸಿದ ರೂಪದಲ್ಲಿದ್ದವು. ಅವುಗಳ ಬೀಗದ ಕೈ ಮಾತ್ರ ಯಾವತ್ತೂ ಅವರದಾಗಿರಲಿಲ್ಲ.

ಕಣ್ಣೆದುರಿನ ಕಪ್ಪು ಚೌಕ

ಇಲ್ಲಿ ಒಂದು ಪ್ರಯೋಗ ಮಾಡಿಸಿದೆ. ಸಿನಿಮಾ ತೋರಿಸುವ ಒಂದು ಆ್ಯಪ್ ತೆರೆದು, ಯಾವುದಾದರೂ ದೃಶ್ಯ ಓಡುತ್ತಿರುವಾಗ ಸ್ಕ್ರೀನ್‌ಶಾಟ್ ತೆಗೆಯಿರಿ ಎಂದೆ. ಹತ್ತಾರು ಫೋನುಗಳು ಒಟ್ಟಿಗೆ ಕ್ಲಿಕ್ ಎಂದವು. ಆಮೇಲೆ ಗ್ಯಾಲರಿ ತೆರೆದು ನೋಡಿದರೆ ಕಪ್ಪು ಚೌಕ. ನಟನಿಲ್ಲ, ಮನೆಯಿಲ್ಲ, ಮಳೆಯಿಲ್ಲ. ಒಬ್ಬರ ಫೋನಿನಲ್ಲಿ ಸಬ್‌ಟೈಟಲ್‌ನ ಒಂದು ಸಾಲು ಮಾತ್ರ ಆ ಕಪ್ಪಿನ ಕೆಳಗೆ ಉಳಿದಿತ್ತು.

ಎಲ್ಲರೂ ಸ್ವಲ್ಪ ಹೊತ್ತು ಸುಮ್ಮನಾದರು. ಪರದೆಯ ಮೇಲೆ ಚಿತ್ರ ಕಣ್ಣಾರೆ ಕಾಣುತ್ತಿದೆ, ಅದನ್ನು ಹಿಡಿದಿಡು ಎಂದು ಅದೇ ಫೋನಿಗೆ ಹೇಳಿದರೆ ಅದು ಕೇಳುವುದಿಲ್ಲ.

ಇದಕ್ಕೆ ಕಾರಣವಿದೆ. ಸಾಮಾನ್ಯ ಬೀಗವನ್ನು ಕಳ್ಳನಿಗಾಗಿ ಹಾಕುತ್ತೇವೆ, ಕೈ ಮನೆಯವರ ಸೊಂಟದಲ್ಲಿರುತ್ತದೆ. ಡಿಜಿಟಲ್ ಬೀಗದಲ್ಲಿ ಸಿನಿಮಾ ನೋಡಬೇಕಾದವರೂ ನೀವೇ, ಅದನ್ನು ನಕಲು ಮಾಡದಂತೆ ತಡೆಯಬೇಕಾದವರೂ ನೀವೇ. ನೋಡಬೇಕಾದರೆ ಕೈ ನಿಮ್ಮ ಫೋನಿನೊಳಗೆ ಬರಲೇಬೇಕು, ಆದರೆ ಅದು ನಿಮಗೆ ಸಿಗಬಾರದು. ಹಾಗಾಗಿ ಫೋನಿನ ಒಂದು ಮೂಲೆಯನ್ನು ಯಜಮಾನನ ಮಾತು ಕೇಳದಂತೆ ಮಾಡಬೇಕಾಗುತ್ತದೆ. ಮನೆ ನಮ್ಮದು, ಒಳಗಿನ ಕಾವಲುಗಾರ ಮಾತ್ರ ಬೇರೆಯವರ ಆಳು. ಗ್ರಾಹಕರ ಕಿರಿಕಿರಿಯ ಬೇರು ಇಲ್ಲಿದೆ.

ಆಂಡ್ರಾಯ್ಡ್ ಫೋನುಗಳಲ್ಲಿ ಈ ಕಾವಲಿಗೆ ಗೂಗಲ್‌ನ ವೈಡ್‌ವೈನ್ ಎಂಬ ವ್ಯವಸ್ಥೆ ಇದೆ. ಅದರಲ್ಲಿ ದರ್ಜೆಗಳಿವೆ. ಎಲ್1 ದರ್ಜೆಯಲ್ಲಿ ಬೀಗ ತೆರೆಯುವ ಕೆಲಸ ಚಿಪ್‌ನ ಭದ್ರ ಭಾಗದೊಳಗೇ ನಡೆಯುತ್ತದೆ. ಎಲ್3 ದರ್ಜೆಯಲ್ಲಿ ಅದು ಬರೀ ಸಾಫ್ಟ್‌ವೇರ್ ಕೆಲಸ. ಎಲ್1 ಇಲ್ಲದ ಫೋನಿಗೆ ಹಲವು ಆ್ಯಪ್‌ಗಳು ಎಚ್‌ಡಿ ಚಿತ್ರ ಕಳಿಸುವುದಿಲ್ಲ. ಎಚ್‌ಡಿಗೆ ದುಡ್ಡು ಕಟ್ಟಿಯೂ ಚಿತ್ರ ಮಸುಕಾಗಿ ಬಂದರೆ ನೆಟ್‌ವರ್ಕನ್ನು ಬೈಯುವ ಮುನ್ನ ಇದನ್ನೂ ನೋಡಬೇಕು. ಲ್ಯಾಪ್‌ಟಾಪನ್ನು ಹಳೆಯ ಪ್ರೊಜೆಕ್ಟರಿಗೆ ಜೋಡಿಸಿದಾಗ ದನಿ ಬಂದು ಚಿತ್ರ ಬಾರದಿರುವುದಕ್ಕೂ ಇಂಥದೇ ಕಾರಣವಿರಬಹುದು. ಎಚ್‌ಡಿಎಂಐ ತಂತಿಯಲ್ಲಿ ಹೋಗುವ ಚಿತ್ರಕ್ಕೂ ಎಚ್‌ಡಿಸಿಪಿ ಎಂಬ ಬೀಗ ಇದೆ. ಅದರ ಪರಿಚಯವಿಲ್ಲದ ಉಪಕರಣಕ್ಕೆ ಚಿತ್ರ ಹೋಗುವುದಿಲ್ಲ.

ಬೀಗ ಹಾಕಿದವರ ಮಾತು

ಅವರ ಕಡೆಯ ಮಾತನ್ನೂ ಕೇಳೋಣ. ಹಾಡಿನ ಹಿಂದೆ ಬರೆದವರು, ರಾಗ ಹಾಕಿದವರು, ಹಾಡಿದವರು, ವಾದ್ಯ ನುಡಿಸಿದವರು ಇದ್ದಾರೆ. ಕನ್ನಡ ಸಿನಿಮಾ ಬಿಡುಗಡೆಯಾದ ದಿನವೇ ಅದರ ಕದ್ದ ಪ್ರತಿ ಟೆಲಿಗ್ರಾಂನಲ್ಲಿ ಓಡಾಡಿದರೆ ನಿರ್ಮಾಪಕನ ಸಾಲ ತೀರುವುದು ಹೇಗೆ? ಕ್ಯಾಸೆಟ್ಟಿನ ನಕಲು ಮಾಡಿದಷ್ಟೂ ದನಿ ಮಂಕಾಗುತ್ತಿತ್ತು. ಡಿಜಿಟಲ್ ನಕಲು ಮೂಲದಷ್ಟೇ ಚೊಕ್ಕ, ಸಾವಿರ ಪ್ರತಿಗೂ ಖರ್ಚಿಲ್ಲ. ಆ ಭಯ ಸುಳ್ಳಲ್ಲ. ಕಲಾವಿದರಿಗೆ ಸಲ್ಲಬೇಕಾದದ್ದು ಸಲ್ಲಲೇಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ.

ನನ್ನ ತಕರಾರು ಬೇರೆ. ಬೀಗ ಯಾರನ್ನು ತಡೆಯುತ್ತಿದೆ? ಒಂದು ಸಿನಿಮಾದ ಬೀಗವನ್ನು ಲೋಕದಲ್ಲಿ ಒಬ್ಬ ಮುರಿದರೂ ಸಾಕು, ಆಮೇಲೆ ಓಡಾಡುವ ಪ್ರತಿಗಳಿಗೆ ಬೀಗವೇ ಇರುವುದಿಲ್ಲ. ಕದ್ದ ಪ್ರತಿ ಯಾವ ಫೋನಿನಲ್ಲೂ ಓಡುತ್ತದೆ, ಗಡುವಿಲ್ಲ, ಲಾಗಿನ್ ಇಲ್ಲ. ದುಡ್ಡು ಕೊಟ್ಟವರ ಪ್ರತಿಗೆ ಮಾತ್ರ ಈ ಎಲ್ಲ ಕಟ್ಟುಪಾಡು. ಪ್ರಾಮಾಣಿಕರ ಪಾಲಿಗೆ ಕೆಟ್ಟ ಸರಕು ಬರುವ ವ್ಯಾಪಾರ ಬಹುಕಾಲ ನ್ಯಾಯವೆನಿಸದು.

ನಡೆದ ಐದು ಕತೆಗಳು

ಮೊದಲನೆಯದು ಡಿವಿಡಿಯದು. 1990ರ ದಶಕದ ಕೊನೆಯಲ್ಲಿ ಡಿವಿಡಿ ಬಂದಾಗ ಸಿನಿಮಾ ಕಂಪನಿಗಳು ಲೋಕವನ್ನು ವಲಯಗಳಾಗಿ ಹಂಚಿದವು. ಅಮೆರಿಕ 1ನೇ ವಲಯ, ಭಾರತ 5ನೇ ವಲಯ. ಅಮೆರಿಕದಲ್ಲಿರುವ ಮಗ ಪ್ರೀತಿಯಿಂದ ಕೊಂಡು ತಂದ ಡಿವಿಡಿ ಮೈಸೂರಿನ ಮನೆಯ ಪ್ಲೇಯರಿನಲ್ಲಿ ಓಡದೆ ಹೋಗುತ್ತಿದ್ದುದು ಇದರಿಂದ. ಕಂಪ್ಯೂಟರಿನ ಡಿವಿಡಿ ಡ್ರೈವ್‌ನಲ್ಲಿ ವಲಯ ಬದಲಿಸಲು ಐದೇ ಅವಕಾಶ. ಐದನೆಯದು ಮುಗಿದ ಮೇಲೆ ಡ್ರೈವ್ ಅಲ್ಲೇ ನಿಂತುಬಿಡುತ್ತಿತ್ತು. ಲಿನಕ್ಸ್ ಬಳಸುವವರಿಗಂತೂ ಪರವಾನಗಿ ಪಡೆದ ಪ್ಲೇಯರೇ ಇರಲಿಲ್ಲ. 1999ರಲ್ಲಿ ನಾರ್ವೆಯ ಯೋನ್ ಲೆಕ್ ಯೋಹಾನ್ಸನ್ ಎಂಬ ಹದಿಹರೆಯದ ಹುಡುಗ ಇನ್ನಿಬ್ಬರ ಜೊತೆ ಸೇರಿ ಡಿವಿಡಿಯ ಬೀಗ ತೆರೆಯುವ ಡಿಸಿಎಸ್‌ಎಸ್ ಎಂಬ ಪುಟ್ಟ ಪ್ರೋಗ್ರಾಂ ಹೊರತಂದ. ಅವನ ಮೇಲೆ ಮೊಕದ್ದಮೆ ನಡೆಯಿತು. 2003ರಲ್ಲಿ ಕೆಳ ನ್ಯಾಯಾಲಯ, ಮೇಲ್ಮನವಿ ನ್ಯಾಯಾಲಯ ಎರಡೂ ಅವನು ತಪ್ಪಿತಸ್ಥನಲ್ಲ ಎಂದವು. ತಾನು ಕೊಂಡ ಡಿವಿಡಿಯನ್ನು ತಾನು ನೋಡುವುದು ಅಪರಾಧವಲ್ಲ ಎಂಬುದು ಆ ತೀರ್ಪಿನ ಸಾರ.

ಎರಡನೆಯದು 2005ರದು. ಸೋನಿ ಬಿಎಂಜಿ ಕಂಪನಿಯ ಕೆಲವು ಸಂಗೀತ ಸಿಡಿಗಳನ್ನು ವಿಂಡೋಸ್ ಕಂಪ್ಯೂಟರಿಗೆ ಹಾಕಿದರೆ ನಕಲು ತಡೆಯುವ ಸಾಫ್ಟ್‌ವೇರ್ ಒಳಸೇರಿ ತನ್ನನ್ನು ತಾನೇ ಬಚ್ಚಿಟ್ಟುಕೊಳ್ಳುತ್ತಿತ್ತು. ಮಾರ್ಕ್ ರಸಿನೋವಿಚ್ ಎಂಬ ತಜ್ಞ ಅಕ್ಟೋಬರ್ 31ರಂದು ಇದನ್ನು ಬಯಲು ಮಾಡಿದರು. ಆ ಅಡಗುದಾಣವನ್ನೇ ವೈರಸ್ ಬರೆಯುವವರೂ ಬಳಸಿಕೊಳ್ಳತೊಡಗಿದಾಗ ಕಂಪನಿ ಸಿಡಿಗಳನ್ನು ವಾಪಸು ಕರೆಸಿಕೊಳ್ಳಬೇಕಾಯಿತು. ನಕಲಿ ಸಿಡಿ ಕೊಂಡವರಿಗೆ ಏನೂ ಆಗಲಿಲ್ಲ. ಅಂಗಡಿಯಲ್ಲಿ ಪೂರ್ತಿ ಬೆಲೆ ತೆತ್ತವರ ಕಂಪ್ಯೂಟರ್ ಮಾತ್ರ ಅಪಾಯಕ್ಕೆ ಸಿಲುಕಿತು.

ಮೂರನೆಯದು ಒಳ್ಳೆಯ ಸುದ್ದಿ. ಆ್ಯಪಲ್ ಕಂಪನಿ 2003ರಲ್ಲಿ ಒಂದು ಹಾಡಿಗೆ 99 ಸೆಂಟ್‌ನಂತೆ ಮಾರತೊಡಗಿದಾಗ ಹಾಡುಗಳಿಗೆ ಬೀಗವಿತ್ತು. ಬೇರೆ ಕಂಪನಿಯ ಪ್ಲೇಯರಿನಲ್ಲಿ ಅವು ನೇರವಾಗಿ ಓಡುತ್ತಿರಲಿಲ್ಲ. 2007ರ ಫೆಬ್ರವರಿಯಲ್ಲಿ ಸ್ಟೀವ್ ಜಾಬ್ಸ್ ಒಂದು ಬಹಿರಂಗ ಲೇಖನ ಬರೆದು ಸರಳ ಲೆಕ್ಕವೊಂದನ್ನು ಮುಂದಿಟ್ಟರು. ಹಿಂದಿನ ವರ್ಷ ಆನ್‌ಲೈನಿನಲ್ಲಿ ಮಾರಾಟವಾದ ಬೀಗದ ಹಾಡುಗಳು 200 ಕೋಟಿಗಿಂತ ಕಡಿಮೆ. ಸಿಡಿಗಳಲ್ಲಿ ಬೀಗವಿಲ್ಲದೆ ಮಾರಾಟವಾದವು 2,000 ಕೋಟಿಗೂ ಹೆಚ್ಚು. ಒಂದು ಬಾಗಿಲು ಹಾರುಹೊಡೆದಿರುವಾಗ ಇನ್ನೊಂದಕ್ಕೆ ಬೀಗ ಹಾಕಿ ಫಲವೇನು? ಅದೇ ವರ್ಷ ಇಎಂಐ ಕಂಪನಿ ಬೀಗ ತೆಗೆಯಲು ಒಪ್ಪಿತು. 2009ರ ಜನವರಿಯಲ್ಲಿ ಆ್ಯಪಲ್ ತನ್ನ ಅಂಗಡಿಯ ಎಲ್ಲ ಹಾಡುಗಳನ್ನೂ ಬೀಗವಿಲ್ಲದೆ ಮಾರುವುದಾಗಿ ಸಾರಿತು. ಸಂಗೀತೋದ್ಯಮ ಮುಳುಗಲಿಲ್ಲ. ಬೀಗವಿಲ್ಲದೆಯೂ ವ್ಯಾಪಾರ ನಡೆಯುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ನಾಲ್ಕನೆಯದು ಅದೇ 2009ರ ಜುಲೈ ತಿಂಗಳದು. ಜಾರ್ಜ್ ಆರ್ವೆಲ್ ಬರೆದ "1984" ಮತ್ತು "ಅನಿಮಲ್ ಫಾರ್ಮ್" ಕಾದಂಬರಿಗಳ ಕೆಲವು ಇ-ಪ್ರತಿಗಳನ್ನು ಅಮೆಜಾನ್ ಕಂಪನಿ ಗ್ರಾಹಕರ ಕಿಂಡಲ್ ಎಂಬ ಓದುವ ಸಾಧನಗಳಿಂದ ದೂರದಿಂದಲೇ ಅಳಿಸಿಹಾಕಿತು. ಅವನ್ನು ಮಾರಾಟಕ್ಕಿಟ್ಟವರಿಗೆ ಮಾರುವ ಹಕ್ಕಿರಲಿಲ್ಲ ಎಂಬುದು ಕಾರಣ. ಹಣ ವಾಪಸು ಕೊಟ್ಟರು. ಆದರೆ ಮಾರಿದ ಪುಸ್ತಕವನ್ನು ಅಂಗಡಿಯವರು ರಾತ್ರಿ ಬಂದು ಕಪಾಟಿನಿಂದ ತೆಗೆದುಕೊಂಡು, ಮೇಜಿನ ಮೇಲೆ ದುಡ್ಡಿಟ್ಟು ಹೋದರೆ ನಾವು ಒಪ್ಪುತ್ತೇವೆಯೇ? ಆ ಕಂಪನಿಯ ಆಗಿನ ಮುಖ್ಯಸ್ಥ ಜೆಫ್ ಬೆಜೋಸ್ ಬಹಿರಂಗವಾಗಿ ಕ್ಷಮೆ ಕೇಳಿದರು.

ಐದನೆಯದು 2019ರದು. ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿತು. ಕೈ ಕೊಡುವ ಸರ್ವರು ನಿಂತ ಮೇಲೆ ಜನ ಕೊಂಡ ಪುಸ್ತಕಗಳೂ ಇಲ್ಲವಾದವು. ಬೆಲೆ ಪೂರ್ತಿ ಹಿಂದಿರುಗಿಸಿದರು, ಪುಟಗಳಲ್ಲಿ ಟಿಪ್ಪಣಿ ಬರೆದುಕೊಂಡಿದ್ದವರಿಗೆ 25 ಡಾಲರ್ ಹೆಚ್ಚಾಗಿ ಕೊಟ್ಟರು. ಕೊಟ್ಟದ್ದು ಸರಿಯೇ. ಆದರೂ ನಮ್ಮ ತಾತನ ಪಠ್ಯಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ ನಾಲ್ಕು ಸಾಲಿಗೆ ಯಾರು ಬೆಲೆ ಕಟ್ಟಿಯಾರು?

ಈ ಬೀಗ ಹಾಡು, ಪುಸ್ತಕಗಳಿಗೆ ಮುಗಿಯಲಿಲ್ಲ. ಪ್ರಿಂಟರಿನ ಇಂಕ್ ಕಾರ್ಟ್ರಿಡ್ಜ್‌ಗಳಲ್ಲೂ ಚಿಪ್ ಬಂದಿದೆ. ಹೊರಗಿನ ಕಾರ್ಟ್ರಿಡ್ಜ್ ಹಾಕಿದರೆ ಕೆಲವು ಪ್ರಿಂಟರುಗಳು ಕೆಲಸ ಮಾಡುವುದಿಲ್ಲ. ನಮ್ಮೂರ ಜೆರಾಕ್ಸ್ ಅಂಗಡಿಯವರನ್ನು ಕೇಳಿ, ಹೇಳುತ್ತಾರೆ.

ಕಾನೂನು ಏನು ಹೇಳುತ್ತದೆ

ಅಮೆರಿಕದಲ್ಲಿ 1998ರ ಕಾಯ್ದೆಯೊಂದು ಇಂಥ ಬೀಗ ತೆರೆಯುವುದನ್ನೇ ತಪ್ಪೆಂದು ಪರಿಗಣಿಸುತ್ತದೆ. ಯಾವ ಕೆಲಸಕ್ಕೆ ವಿನಾಯಿತಿ ಕೊಡಬೇಕೆಂದು ಅಲ್ಲಿ ಮೂರು ವರ್ಷಕ್ಕೊಮ್ಮೆ ತೀರ್ಮಾನವಾಗುತ್ತದೆ.

ನಮ್ಮಲ್ಲಿ 2012ರಲ್ಲಿ ಹಕ್ಕುಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ತಂದು 65ಎ ಎಂಬ ಕಲಂ ಸೇರಿಸಿದರು. ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿದರೆ ಎರಡು ವರ್ಷದವರೆಗೆ ಸೆರೆವಾಸ, ಜೊತೆಗೆ ದಂಡ. ಇಲ್ಲಿ "ಉದ್ದೇಶ" ಎಂಬ ಮಾತು ಮುಖ್ಯ. ಕಾಯ್ದೆ ನಿಷೇಧಿಸದ ಕೆಲಸಕ್ಕಾಗಿ ಬೀಗ ತೆರೆಯುವುದಕ್ಕೆ ನಮ್ಮ ಕಾನೂನಿನಲ್ಲಿ ಜಾಗವಿದೆ. ಈ ವಿಷಯದಲ್ಲಿ ನಮ್ಮ ಶಾಸನ ಅಮೆರಿಕದ್ದಕ್ಕಿಂತ ಮೃದು ಮತ್ತು ವಿವೇಕದ್ದು. ಆದರೆ ಕಾಗದದ ಮೇಲೆ ಹಕ್ಕಿದ್ದರೂ ಸಾಮಾನ್ಯ ಗ್ರಾಹಕನ ಬಳಿ ಬೀಗ ತೆರೆಯುವ ಸಲಕರಣೆಯಿಲ್ಲ. ಅದನ್ನು ನಿಮಗೆ ಒದಗಿಸಬೇಕೆಂದು ಈ ಕಲಂ ಕಂಪನಿಗೆ ಹೇಳುವುದಿಲ್ಲ.

ಇದರ ನೋವು ಹೆಚ್ಚು ತಟ್ಟುವುದು ಕಣ್ಣು ಕಾಣದವರಿಗೆ. ಅವರು ಪುಸ್ತಕವನ್ನು ಫೋನಿನಿಂದ ಗಟ್ಟಿಯಾಗಿ ಓದಿಸಿಕೊಂಡು ಕೇಳುತ್ತಾರೆ. ಬೀಗ ಹಾಕಿದ ಪುಟ ಓದುವ ಸಾಫ್ಟ್‌ವೇರಿಗೆ ದಕ್ಕದೆ ಹೋದರೆ ಆ ಪುಸ್ತಕ ಅವರ ಪಾಲಿಗೆ ಮೂಕ. 2009ರಲ್ಲಿ ಕಿಂಡಲ್ ಗಟ್ಟಿಯಾಗಿ ಓದುವ ಸೌಲಭ್ಯ ತಂದಾಗ ಅಮೆರಿಕದ ಲೇಖಕರ ಸಂಘ ಆಕ್ಷೇಪಿಸಿತು. ಬೇಡವೆಂದ ಪುಸ್ತಕಗಳಲ್ಲಿ ಅದನ್ನು ನಿಲ್ಲಿಸುವ ಅಧಿಕಾರ ಪ್ರಕಾಶಕರಿಗೆ ಸಿಕ್ಕಿತು. ಅಂಧರು ನ್ಯೂಯಾರ್ಕಿನಲ್ಲಿ ಆ ಸಂಘದ ಕಚೇರಿಯೆದುರು ಪ್ರತಿಭಟಿಸಿದರು. ಅಂಥ ಓದುಗರಿಗಾಗಿ 2013ರಲ್ಲಿ ಮರಾಕೇಶ್ ಒಪ್ಪಂದ ಆಯಿತು. 2014ರಲ್ಲಿ ಅದನ್ನು ಅನುಮೋದಿಸಿದ ಮೊದಲ ದೇಶ ಭಾರತ. ಇದು ನಾವು ಹೆಮ್ಮೆಪಡಬೇಕಾದ ಸಂಗತಿ.

ಇನ್ನೊಂದು ಒಳ್ಳೆಯ ಹೆಜ್ಜೆ ಕ್ಯಾಲಿಫೋರ್ನಿಯಾದ್ದು. ಅಲ್ಲಿ 2025ರ ಜನವರಿ 1ರಿಂದ ಜಾರಿಗೆ ಬಂದ ಕಾನೂನಿನ ಪ್ರಕಾರ, ಗ್ರಾಹಕರಿಗೆ ಸಿಗುವುದು ಬರೀ ಪರವಾನಗಿಯಾಗಿದ್ದರೆ ಅದನ್ನು ಸ್ಪಷ್ಟವಾಗಿ ತಿಳಿಸದೆ "ಖರೀದಿಸಿ" ಎಂಬ ಮಾತು ಬಳಸುವಂತಿಲ್ಲ. ಇಂಥ ನಿಯಮ ನಮ್ಮಲ್ಲೂ ಬೇಕು. ಬಾಡಿಗೆಗೆ ಕೊಡುವವರು ಬಾಡಿಗೆ ಎಂದೇ ಹೇಳಲಿ. ನಾವು ಮನೆಯನ್ನು ಬಾಡಿಗೆಗೂ ಹಿಡಿಯುತ್ತೇವೆ, ಕ್ರಯಕ್ಕೂ ಪಡೆಯುತ್ತೇವೆ. ಎರಡೂ ತಪ್ಪಲ್ಲ. ಕ್ರಯಪತ್ರ ಎಂದು ಹೇಳಿ ಬಾಡಿಗೆ ಕರಾರಿಗೆ ಸಹಿ ಹಾಕಿಸಿಕೊಳ್ಳುವುದು ತಪ್ಪು.

ದುಡ್ಡು ಕಟ್ಟುವ ಮುನ್ನ

ನನ್ನ ತರಗತಿಯವರು ನೋಟುಪುಸ್ತಕದಲ್ಲಿ ಬರೆದುಕೊಂಡ ಮಾತುಗಳನ್ನು ನಿಮಗೂ ಹೇಳುತ್ತೇನೆ.

ಒಂದು, ಫೈಲ್ ಕೈಗೆ ಬರುತ್ತದೆಯೇ ಎಂದು ಕೇಳಿ. ಎಂಪಿ3, ಪಿಡಿಎಫ್ ಅಥವಾ ಇಪಬ್ ಫೈಲನ್ನು ಬೀಗವಿಲ್ಲದೆ ಕೊಟ್ಟರೆ ಅದನ್ನು ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಬಹುದು. "ನಮ್ಮ ಆ್ಯಪ್‌ನಲ್ಲಿ ಮಾತ್ರ" ಎಂದರೆ ಅದು ಬಾಡಿಗೆ ಎಂದು ತಿಳಿದು, ಬಾಡಿಗೆಗೆ ತಕ್ಕ ಬೆಲೆಯನ್ನಷ್ಟೇ ಕೊಡಿ.

ಎರಡು, ಎಷ್ಟು ಫೋನಿಗೆ, ಯಾವ ದೇಶದಲ್ಲಿ, ಎಷ್ಟು ದಿನ ಎಂಬ ಮೂರನ್ನು ಓದಿ. ಷರತ್ತುಗಳ ಪುಟ ಉದ್ದವಿರುತ್ತದೆ ನಿಜ. ಈ ಮೂರನ್ನು ಮಾತ್ರ ಹುಡುಕಿದರೂ ಸಾಕು.

ಮೂರು, ಖಾತೆ ಯಾವ ಮೊಬೈಲ್ ನಂಬರಿನಲ್ಲಿ, ಯಾವ ಇಮೇಲಿನಲ್ಲಿ ಇದೆ ಎಂದು ಬರೆದಿಡಿ. ಸಿಮ್ ಬದಲಾಯಿಸಿ ಖಾತೆಯ ಬಾಗಿಲನ್ನೇ ಕಳೆದುಕೊಂಡವರು ನನ್ನ ತರಗತಿಯಲ್ಲೇ ಮೂವರಿದ್ದಾರೆ.

ನಾಲ್ಕು, ಮಕ್ಕಳು ಮೊಮ್ಮಕ್ಕಳಿಗೂ ಉಳಿಯಬೇಕೆಂಬ ಪುಸ್ತಕವನ್ನು ಅಚ್ಚಿನ ಪ್ರತಿಯಲ್ಲೇ ಕೊಳ್ಳಿ. ಮುಕ್ತವಾಗಿ ಸಿಗುವುದನ್ನೂ ಹುಡುಕಿ. ನಿರಂಜನರ ಕೃತಿಗಳನ್ನು ಅವರ ಕುಟುಂಬದವರು 2014ರಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಎಲ್ಲರಿಗೂ ಬಿಟ್ಟುಕೊಟ್ಟರು. ಲೇಖಕರು ತೀರಿಕೊಂಡು 60 ವರ್ಷ ಕಳೆದ ಮೇಲೆ ಕೃತಿಗಳು ಸಾರ್ವಜನಿಕರ ಸ್ವತ್ತಾಗುತ್ತವೆ. ಹಾಗೆ ಮುಕ್ತವಾದ ಕನ್ನಡ ಪುಸ್ತಕಗಳು ವಿಕಿಸೋರ್ಸ್‌ನಲ್ಲಿ ಇವೆ.

ಐದು, ಮೋಸವಾಯಿತು ಎನಿಸಿದರೆ ಸುಮ್ಮನಿರಬೇಡಿ. ಬಿಲ್ಲು, ಎಸ್‌ಎಂಎಸ್, "ಖರೀದಿಸಿ" ಎಂದಿದ್ದ ಪುಟದ ಚಿತ್ರ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು.

ಇದರ ಜೊತೆ ಒಂದು ಎಚ್ಚರಿಕೆ. ಬೀಗದ ಮೇಲಿನ ಸಿಟ್ಟಿಗೆ ಕದ್ದ ಪ್ರತಿಯ ಮೊರೆ ಹೋಗಬೇಡಿ. ಅದರಿಂದ ನಷ್ಟವಾಗುವುದು ಹಾಡು ಕಟ್ಟಿದವರಿಗೆ. ಬೀಗವಿಲ್ಲದೆ ಮಾರುವವರಿಂದ ಹುಡುಕಿ ಕೊಂಡುಕೊಳ್ಳಿ. ಅಂಥ ವ್ಯಾಪಾರ ಬೆಳೆದಷ್ಟೂ ಬೀಗ ಸಡಿಲವಾಗುತ್ತದೆ. 2009ರಲ್ಲಿ ಆ್ಯಪಲ್ ಅಂಗಡಿಯ ಹಾಡುಗಳ ಬೀಗ ಹೋದದ್ದನ್ನು ಮರೆಯದಿರೋಣ.

ಮುಂದಿನ ಭಾನುವಾರ

ಶಿಕ್ಷಕಿ ಮುಂದಿನ ವಾರ ಬಂದಾಗ ಅವರ ಬಟ್ಟೆಚೀಲದಲ್ಲಿ ನಾಲ್ಕು ಸಿಡಿಗಳಿದ್ದವು. ಇಪ್ಪತ್ತು ವರ್ಷದ ಹಿಂದೆ ಬೆಂಗಳೂರಿಗೆ ಹೋದಾಗ ಕೊಂಡ ಭಾವಗೀತೆಗಳು. ಪ್ಲೇಯರು ಕೆಟ್ಟ ಮೇಲೆ ಅಟ್ಟ ಸೇರಿದ್ದವು. ಅವಕ್ಕೆ ಬೀಗವಿರಲಿಲ್ಲ. ಗ್ರಂಥಾಲಯದ ಹಳೆಯ ಕಂಪ್ಯೂಟರಿನ ಡ್ರೈವಿಗೆ ಒಂದೊಂದಾಗಿ ಹಾಕಿ, ಅವರು ಕೊಂಡ ಹಾಡುಗಳನ್ನು ಅವರದೇ ಫೋನಿಗೆ ಎಂಪಿ3 ಮಾಡಿ ಇಳಿಸಿದೆವು. ಮೂವತ್ತೆಂಟು ಹಾಡು ಬಂದವು.

"ಈಗ ಇವು ನನ್ನವೇ ಅಂತ ಗೊತ್ತಾಗೋದು ಹೇಗೆ?" ಎಂದು ಕೇಳಿದರು. "ಒಂದು ಪರೀಕ್ಷೆ ಇದೆ ಅಮ್ಮ" ಎಂದೆ. "ಆ್ಯಪ್ ತೆಗೆದುಹಾಕಿ ನೋಡಿ. ಹಾಡು ಉಳಿದರೆ ಅದು ನಿಮ್ಮದು."

ಫೋನಿನ ಮಾಮೂಲಿ ಪ್ಲೇಯರಿನಲ್ಲಿ ಒಂದು ಹಾಡು ಹಚ್ಚಿದರು. ಎರಡು ವರ್ಷ ಚಂದಾ ಕಟ್ಟಿದ್ದ ಆ್ಯಪಿನ ಮೇಲೆ ಬೆರಳಿಟ್ಟು, ನನ್ನ ಮುಖ ನೋಡಿ, "ಅನ್‌ಇನ್‌ಸ್ಟಾಲ್" ಒತ್ತಿದರು. ಪರದೆಯಿಂದ ಅದು ಮಾಯವಾಯಿತು. ಹಾಡು ನಿಲ್ಲಲಿಲ್ಲ. ಎರಡನೆಯ ಚರಣ ಮುಗಿಯುವವರೆಗೂ ತರಗತಿಯಲ್ಲಿ ಯಾರೂ ಮಾತಾಡಲಿಲ್ಲ.